ಫಿನ್ ಫಿಲ್ಟರ್ ಬಂತು, ಪುಡಿ ಹುಡುಕುವುದೇ ಕೆಲಸ ಆಯ್ತು

ದಾವಣಗೆರೆ ಬಿಸಿಲಲ್ಲಿ ಮಧ್ಯಾಹ್ನ ಮೂರಕ್ಕೆ ಬಿಸಿ ಕಾಫಿ ಕುಡಿಯಲು ಮನಸ್ಸು ಬರುವುದಿಲ್ಲ. ಹಾಗಂತ ಬಿಡಲೂ ಆಗುವುದಿಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ 380 ರೂಪಾಯಿ ಕೊಟ್ಟು ಆನ್‌ಲೈನಲ್ಲಿ ವಿಯೆಟ್ನಾಂ ಕಾಫಿಯ ಫಿನ್ ಫಿಲ್ಟರ್ ತರಿಸಿದೆ. ಎರಡು ತಿಂಗಳಿಂದ ಹೆಚ್ಚುಕಡಿಮೆ ದಿನಾ ಬಳಸುತ್ತಿದ್ದೇನೆ.

ನೋಡಲು ಏನೂ ಇಲ್ಲ. ತಳದಲ್ಲಿ ತೂತಿರುವ ಸಣ್ಣ ಸ್ಟೀಲ್ ಲೋಟ, ಅದು ಕೂರಲು ಒಂದು ತಟ್ಟೆ, ಪುಡಿಯ ಮೇಲೆ ಇಡುವ ತೂತಿನ ಬಿಲ್ಲೆ, ಒಂದು ಮುಚ್ಚಳ. ನಮ್ಮ ಫಿಲ್ಟರಿನ ತಮ್ಮ ಅನ್ನಿ, ಕೆಳಗಿನ ಪಾತ್ರೆ ಇಲ್ಲ ಅಷ್ಟೇ, ನೇರ ಕುಡಿಯುವ ಲೋಟದ ಮೇಲೇ ಕೂರುತ್ತದೆ. ಆ ದೇಶಕ್ಕೆ 1857ರಲ್ಲಿ ಕಾಫಿ ಗಿಡ ತಂದವರು ಫ್ರೆಂಚರು. ಅಲ್ಲಿ ತಾಜಾ ಹಾಲು ಸಿಗುವುದು ಕಷ್ಟ, ಸಿಕ್ಕರೂ ಆ ಸೆಕೆಗೆ ಉಳಿಯುತ್ತಿರಲಿಲ್ಲ, ಹಾಗಾಗಿ ಡಬ್ಬದ ಗಟ್ಟಿ ಸಿಹಿ ಹಾಲು ಹಾಕಿಕೊಂಡು ಕುಡಿಯುವುದು ರೂಢಿಯಾಯಿತು. ಇದನ್ನೆಲ್ಲ ಉತ್ಸಾಹದಿಂದ ಅವ್ವನಿಗೆ ಹೇಳಿದೆ. "ಅವರಿಗೆ ಹಾಲಿರ್ಲಿಲ್ಲ, ಡಬ್ಬ ತಂದ್ರು. ನಿನಗೇನ್ ಬಂದಿದ್ದು, ಬೆಳಿಗ್ಗೆ ಎದ್ರೆ ನಂದಿನಿ ಬರ್ತದಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ದಿನ ಮನೆಯಲ್ಲಿದ್ದ ಪುಡಿಯನ್ನೇ ಹಾಕಿದೆ, ಚಿಕೋರಿ ಬೆರೆಸಿದ್ದು, ತುಂಬಾ ನುಣ್ಣಗಿನದು. ತೂತೆಲ್ಲ ಕಟ್ಟಿಕೊಂಡು ನೀರು ಇಳಿಯಲೇ ಇಲ್ಲ, ಕಾಲು ಗಂಟೆ ಕಾದ ಮೇಲೆ ಲೋಟದಲ್ಲಿ ನಾಲ್ಕು ಚಮಚ ತಣ್ಣಗಿನ ಕಪ್ಪು ನೀರು. ಬೈದುಕೊಂಡು ಮಂಡಿಪೇಟೆ ಕಡೆ ಪುಡಿ ಅಂಗಡಿಗೆ ಹೋಗಿ, ಬರೀ ರೊಬಸ್ಟಾ ಬೀಜ, ಕಪ್ಪಗೆ ಹುರಿದದ್ದು, ಸ್ವಲ್ಪ ತರಿಯಾಗಿ ಬೀಸಿ ಕೊಡಿ ಅಂದೆ. ಅಂಗಡಿಯವರು ಮುಖ ನೋಡಿದರು. "ಚಿಕೋರಿ ಬ್ಯಾಡೇನ್ರಿ ಸರ್? ಬರೀ ರೊಬಸ್ಟಾ ಕಹಿ ಹೊಡಿತದೆ ನೋಡ್ರಿ." ಕಹಿಯೇ ಬೇಕಿತ್ತು. ಮೇಲೆ ಎರಡು ಚಮಚ ಸಿಹಿ ಹಾಲು ಬೀಳುತ್ತದಲ್ಲ, ಅದನ್ನು ತಡೆಯುವ ಪುಡಿ ಬೇಕು. ಕಾಫಿಯ ಇನ್ನೊಂದು ಜಾತಿ ಅರೇಬಿಕಾ, ಅದನ್ನು ಹಾಕಿಯೂ ನೋಡಿದೆ, ಅದರ ಪರಿಮಳ ಆ ಸಿಹಿಯಲ್ಲಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಬರೀ ಪೇಡ ಕರಗಿಸಿ ಕುಡಿದ ಹಾಗಿತ್ತು. ವಿಯೆಟ್ನಾಂನಲ್ಲಿ ಬೆಳೆಯುವುದೂ ಬಹುಪಾಲು ರೊಬಸ್ಟಾನೇ, ನಮ್ಮ ಕೊಡಗಿನಲ್ಲೂ ಅದು ಬೇಕಾದಷ್ಟಿದೆ, ಹಾಗಾಗಿ ಆ ದೇಶದ ದುಬಾರಿ ಪ್ಯಾಕೆಟ್ ತರಿಸಬೇಕಿಲ್ಲ. ಒಂದು ವ್ಯತ್ಯಾಸ ಇದೆ. ಅಲ್ಲಿ ಎಷ್ಟೋ ಕಡೆ ಬೀಜ ಹುರಿಯುವಾಗ ಬೆಣ್ಣೆ ಹಾಕುತ್ತಾರೆ. ದೋಸೆಗೆ ಅಷ್ಟೊಂದು ಬೆಣ್ಣೆ ಸುರಿಯುವ ನಮ್ಮೂರಿಗೆ ಇದು ಇನ್ನೂ ಹೇಗೆ ಹೊಳೆದಿಲ್ಲವೋ!

ಈಗ ನಾನು ಮಾಡುವುದು ಹೀಗೆ. ಲೋಟಕ್ಕೆ ಮೊದಲು ಎರಡು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್. ಫಿನ್‌ಗೆ 20 ಗ್ರಾಂ ಪುಡಿ, ಮೇಲೆ ಬಿಲ್ಲೆ, ಜೋರಾಗಿ ಒತ್ತಬಾರದು. ಕುದಿ ಬಂದು ಒಂದು ನಿಮಿಷ ಆರಿದ ನೀರನ್ನು ಎರಡು ಚಮಚ ಹಾಕಿ ಪುಡಿ ನೆನೆಯಲು ಅರ್ಧ ನಿಮಿಷ ಬಿಡಬೇಕು, ಆಮೇಲೆ 80ರಿಂದ 100 ಮಿಲಿ ನೀರು ಹಾಕಿ ಮುಚ್ಚಬೇಕು. ಐದು ನಿಮಿಷದಲ್ಲಿ ಹನಿ ಹನಿಯಾಗಿ ಇಳಿದು ಮುಗಿದರೆ ಪುಡಿ ಸರಿಯಿದೆ. ಒಂದೇ ನಿಮಿಷಕ್ಕೆ ಸುರಿದುಹೋದರೆ ತರಿ ಜಾಸ್ತಿ, ಹತ್ತಾದರೂ ಮುಗಿಯದಿದ್ದರೆ ನುಣುಪು ಜಾಸ್ತಿ. ಬಿಸಿ ಇರುವಾಗಲೇ ಚೆನ್ನಾಗಿ ಕಲಸಿ, ಆಮೇಲೆ ಐಸ್ ತುಂಬಿದ ಇನ್ನೊಂದು ಲೋಟಕ್ಕೆ ಸುರಿಯಬೇಕು. ಮೊದಲೇ ಐಸ್ ಹಾಕಿದರೆ ಹಾಲು ತಳದಲ್ಲಿ ಅಂಟಿನ ಹಾಗೆ ಕೂರುತ್ತದೆ, ಎಷ್ಟು ತಿರುವಿದರೂ ಏಳುವುದಿಲ್ಲ. ಸಂಜೆ ಆರರ ಮೇಲೆ ಕುಡಿಯಬೇಡಿ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು, ನಾನು ಒಂದು ರಾತ್ರಿ ಎರಡೂವರೆವರೆಗೆ ಫ್ಯಾನ್ ನೋಡುತ್ತಾ ಮಲಗಿದ್ದೆ.

ಮಾರಿದವರ ಮೇಲೆ ಒಂದು ದೂರಿದೆ. ಫೋಟೋದಲ್ಲಿ ಇಬ್ಬರಿಗೆ ಆಗುವಷ್ಟು ದೊಡ್ಡದು ಕಾಣುತ್ತದೆ, ಬಂದದ್ದು ಒಬ್ಬರಿಗೆ ಮಾತ್ರ. ತಟ್ಟೆಯ ಅಂಚು ಸೊಟ್ಟಗಿತ್ತು, ಸುತ್ತಿಗೆಯಲ್ಲಿ ನಾನೇ ತಟ್ಟಿ ಸರಿಮಾಡಿಕೊಂಡೆ. ಕಳಿಸಿದ ಮೆಸೇಜಿಗೆ ಇವತ್ತಿನವರೆಗೂ ಉತ್ತರ ಇಲ್ಲ. ನೆಂಟರು ನಾಲ್ಕು ಜನ ಬಂದರೆ ಇದನ್ನು ಹೊರಗೆ ತೆಗೆಯಲೇಬೇಡಿ, ನಾಲ್ಕನೆಯವರ ಕಾಫಿ ಆಗುವಷ್ಟರಲ್ಲಿ ಮೊದಲನೆಯವರು ಹೊರಟಿರುತ್ತಾರೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, 380 ರೂಪಾಯಿ ಉಳಿದರೂ ಉಳಿಯಬಹುದು. ಹೋದ ವಾರ ಅವ್ವನ ಹಳೇ ಹಿತ್ತಾಳೆ ಫಿಲ್ಟರಿಗೆ ಅದೇ ರೊಬಸ್ಟಾ ಪುಡಿ ಹಾಕಿ ಗಟ್ಟಿ ಡಿಕಾಕ್ಷನ್ ಇಳಿಸಿ, ಬಿಸಿ ಮಾಡಿ, ಸಿಹಿ ಹಾಲಿಗೆ ಹಾಕಿ ಐಸ್ ಸುರಿದೆ. ಕಣ್ಣು ಮುಚ್ಚಿ ಎರಡನ್ನೂ ಕುಡಿದರೆ ನನಗೇ ವ್ಯತ್ಯಾಸ ಗೊತ್ತಾಗಲಿಲ್ಲ. ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ನಾಲ್ಕು ಜನಕ್ಕೆ ಒಟ್ಟಿಗೇ ಆಗುತ್ತದೆ. ಹಿತ್ತಾಳೆ ಫಿಲ್ಟರ್ ಮನೆಯಲ್ಲಿದ್ದರೆ ಮೊದಲು ಪುಡಿ ಮಾತ್ರ ತನ್ನಿ. ಇಲ್ಲದವರು, ಒಬ್ಬರೇ ರೂಮಲ್ಲಿ ಇರುವವರು ಫಿನ್ ತಗೊಳ್ಳಿ, ತೊಳೆಯುವುದು ಸುಲಭ.

ಹಾಂ, ಒಡೆದ ಡಬ್ಬವನ್ನು ಹಾಗೇ ಇಡದೆ ಹಾಲನ್ನು ಗಾಜಿನ ಬಾಟಲಿಗೆ ಹಾಕಿ ಫ್ರಿಡ್ಜಲ್ಲಿಡಿ. ನಾನೂ ಬಾಟಲಿಗೆ ಹಾಕಿಯೇ ಇಟ್ಟಿದ್ದೆ. ಭಾನುವಾರ ನೋಡಿದರೆ ಬಾಟಲಿ ಖಾಲಿ, ಅವ್ವ ಶಾವಿಗೆ ಪಾಯಸಕ್ಕೆ ಹಾಕಿದ್ದಳು.