ಬಾಲ್ಕನಿಯಲ್ಲಿ ಎರಡು ಸಟೈವಾ: ತಾನೇ ಹೂಬಿಡುವ ಆಟೋ, ಇರುಳಿಗೆ ಕಾಯುವ ಫೋಟೋ

ಜರ್ಮನಿಯಲ್ಲಿ ಬಾಡಿಗೆ ಮನೆಯ ಬಾಲ್ಕನಿಯೊಂದೇ ಇರುವ, ವರ್ಷಕ್ಕೊಮ್ಮೆ ದಸರೆಗೆ ಊರಿಗೆ ಹೋಗಬೇಕೆನ್ನುವ ನನ್ನಂಥವರಿಗೆ ಗಾಂಜಾದ ಆಟೋ, ಅಂದರೆ ತಾನಾಗಿಯೇ ಹೂಬಿಡುವ ತಳಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಇದನ್ನು ತಿಳಿದುಕೊಳ್ಳಲು ನನಗೆ ಒಂದು ಇಡೀ ಹಂಗಾಮು ಮತ್ತು ಒಂದು ದಸರೆ ಹಿಡಿಯಿತು. ಅಷ್ಟು ಸಮಯವನ್ನು ಇನ್ನೊಬ್ಬರು ಕಳೆದುಕೊಳ್ಳಬಾರದೆಂದು ಆಟೋ ಮತ್ತು ಇರುಳು ಉದ್ದವಾಗಲೆಂದು ಕಾಯುವ ಫೋಟೋ, ಎರಡೂ ಗಿಡಗಳ ಅನುಭವವನ್ನು ಬರೆಯುತ್ತಿದ್ದೇನೆ.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. 2024ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ, ಕನಿಷ್ಠ ಆರು ತಿಂಗಳಿನಿಂದ ಇಲ್ಲಿಯೇ ವಾಸಿಸುತ್ತಿರುವ ವಯಸ್ಕರು ತಮ್ಮ ಸ್ವಂತ ಬಳಕೆಗಾಗಿ ಮನೆಯಲ್ಲಿ ಏಕಕಾಲಕ್ಕೆ ಮೂರು ಗಿಡಗಳವರೆಗೆ ಬೆಳೆಸಬಹುದು. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಒಣಗಿದ ಹೂವಿನ ಮಿತಿ 50 ಗ್ರಾಂ. ಗಿಡವಾಗಲಿ ಹೂವಾಗಲಿ ಮಕ್ಕಳ ಮತ್ತು ಹೊರಗಿನವರ ಕೈಗೆ ಸಿಗದಂತೆ ಕಾಯಬೇಕು, ಮನೆಯಲ್ಲಿ ಬೆಳೆದದ್ದನ್ನು ಮಾರುವುದಿರಲಿ, ಸ್ನೇಹಿತರಿಗೆ ಕೊಡುವುದೂ ಅಪರಾಧ. ಭಾರತದಲ್ಲಿ 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಒಂದು ಗಿಡ ಬೆಳೆಸಿದರೂ ಜೈಲು ಶಿಕ್ಷೆಯಾಗಬಹುದು. ಆದ್ದರಿಂದ ಊರಿನಲ್ಲಿರುವವರು ಇದನ್ನು ಓದಿಗಾಗಿ ಮಾತ್ರ ತೆಗೆದುಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಎರಡೂ ಗಿಡಗಳಿಗಿರುವ ವ್ಯತ್ಯಾಸವನ್ನು ಅವರೆಕಾಯಿಯ ಮೂಲಕ ಹೇಳಿದರೆ ನಮ್ಮವರಿಗೆ ಬೇಗ ತಿಳಿಯುತ್ತದೆ. ನಮ್ಮದು ಮಾಗಡಿಯ ಕಡೆ. ಅಲ್ಲಿ ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಬಿತ್ತುವ ನಾಟಿ ಅವರೆ ಮುಂಗಾರಿನಲ್ಲಿಯೇ ಮೊಳೆತರೂ ಹಗಲು ಕುಗ್ಗಿ ಇರುಳು ಬೆಳೆಯುವವರೆಗೆ ಹೂವಿಗೆ ಬರುವುದಿಲ್ಲ. ಅದರ ಕಾಯಿ ಸಿಗುವುದು ಡಿಸೆಂಬರ್, ಜನವರಿಯ ಚಳಿಯಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ತಮ್ಮ ವಯಸ್ಸಿಗೆ ಸರಿಯಾಗಿ ಹೂಬಿಡುತ್ತವೆ. ಗಾಂಜಾದಲ್ಲಿಯೂ ಹೀಗೆಯೇ ಎರಡು ಬಗೆಗಳಿವೆ. ಇರುಳಿನ ಉದ್ದ ನೋಡಿ ಹೂಬಿಡುವ ಸಾಮಾನ್ಯ ಗಿಡವನ್ನು ಬೆಳೆಗಾರರು ಫೋಟೋ ಎನ್ನುತ್ತಾರೆ, ಮೊಳೆತ ಮೂರು ನಾಲ್ಕು ವಾರಗಳಲ್ಲಿ ತಾನಾಗಿಯೇ ಹೂವಿಗೆ ತಿರುಗುವುದನ್ನು ಆಟೋ ಎನ್ನುತ್ತಾರೆ. ಆಟೋಗಳಿಗೆ ಈ ಗುಣ ಬಂದದ್ದು ರುಡೆರಾಲಿಸ್ ಎಂಬ ಕುಳ್ಳ ಕಾಡುಗಿಡದಿಂದ. 1924ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಯಾನಿಶೆವ್ಸ್ಕಿ ಅದಕ್ಕೆ ಆ ಹೆಸರಿಟ್ಟರು. ಬೇಸಿಗೆ ಬಹಳ ಚಿಕ್ಕದಾದ ನೆಲದಲ್ಲಿ ಹುಟ್ಟಿದ ಆ ಗಿಡಕ್ಕೆ ಇರುಳು ಉದ್ದವಾಗಲೆಂದು ಕಾಯುವಷ್ಟು ವ್ಯವಧಾನವಿಲ್ಲ.

2024ರ ಮೇ ತಿಂಗಳಲ್ಲಿ ನಾನು ಎರಡನ್ನೂ ಒಂದೇ ದಿನ, ಒಂದೇ ಚೀಲದ ಮಣ್ಣಿನಲ್ಲಿ ಊರಿದೆ. ಎರಡೂ ಕಿರಿದಾದ ಎಲೆಯ, ಸಟೈವಾ ಎಂಬ ಗಾಂಜಾ ಬಗೆಯವು. ನಾನಿರುವುದು ನ್ಯೂರೆಂಬರ್ಗ್ ಸಮೀಪದ ಸಣ್ಣ ಊರಿನ ಎರಡನೆಯ ಮಹಡಿಯಲ್ಲಿ, ದಕ್ಷಿಣಕ್ಕೆ ಮುಖಮಾಡಿದ ಬಾಲ್ಕನಿ. ಇಲ್ಲಿಯ ಹಳಬರು ಮೇ 11ರಿಂದ 15ರವರೆಗಿನ ದಿನಗಳನ್ನು ಐಸ್‌ಹೈಲಿಗೆ, ಅಂದರೆ ಹಿಮದ ಸಂತರ ದಿನಗಳೆಂದು ಕರೆಯುತ್ತಾರೆ. ಅವು ಕಳೆಯುವವರೆಗೆ ಎಳೆಯ ಸಸಿಗಳನ್ನು ಹೊರಗಿಡಬಾರದೆಂಬುದು ರೂಢಿ. ನಮ್ಮ ಲೆಕ್ಕದಲ್ಲಿ ಅದು ಸರಿಯಾಗಿ ಕೃತ್ತಿಕೆ ಮಳೆ ಹುಟ್ಟುವ ಸಮಯವಾದ್ದರಿಂದ ನನಗೆ ಆ ದಿನಾಂಕ ಮರೆಯುವುದೇ ಇಲ್ಲ. ಮೇ 17ರಂದು ಬೀಜ ಮಣ್ಣಿಗೆ ಬಿತ್ತು.

ಆಟೋ ಗಿಡದ ಕಥೆ ಚಿಕ್ಕದು. ಹನ್ನೊಂದು ಲೀಟರಿನ ಕುಂಡದಲ್ಲಿ ನೇರವಾಗಿ ಊರಿದ್ದ ಅದು ಇಪ್ಪತ್ತಾರನೆಯ ದಿನ ಗೆಣ್ಣುಗಳಲ್ಲಿ ಹೂವಿನ ಮೊದಲ ಗುರುತಾದ ಎರಡೆರಡು ಬಿಳಿಯ ಎಳೆಗಳನ್ನು ತೋರಿಸಿತು. ಹೊರಗೆ ಹದಿನಾರು ಗಂಟೆಗೂ ಮಿಕ್ಕ ಹಗಲಿತ್ತು, ವರ್ಷದ ಅತಿ ಪ್ರಖರವಾದ ಬಿಸಿಲಿತ್ತು, ಅದೆಲ್ಲವನ್ನೂ ಗಿಡ ಹೂವಿಗೇ ಬಳಸಿತು. ಎಂಬತ್ತೆರಡನೆಯ ದಿನ, ಆಗಸ್ಟ್ 7ರಂದು ಕತ್ತರಿಸಿದೆ. ಎತ್ತರ ತೊಂಬತ್ತು ಸೆಂಟಿಮೀಟರ್, ಒಣಗಿದ ಮೇಲೆ 44 ಗ್ರಾಂ.

ಫೋಟೋ ಗಿಡ ಅಷ್ಟರಲ್ಲಿ ನನ್ನ ಎದೆಯೆತ್ತರಕ್ಕೆ ಬೆಳೆದಿತ್ತು. ಕಡುಹಸಿರು ಎಲೆ, ಹೆಬ್ಬೆರಳಿನಷ್ಟು ದಪ್ಪದ ಕಾಂಡ, ನೋಡಿದವರು ಇದೇ ಗೆಲ್ಲುವ ಗಿಡವೆನ್ನಬೇಕು, ಹಾಗಿತ್ತು. ಈ ಅಕ್ಷಾಂಶದಲ್ಲಿ ಅದು ಆಗಸ್ಟ್ ಮಧ್ಯದ ಹೊತ್ತಿಗೆ ಹೂವಿಗೆ ತಿರುಗಬೇಕಿತ್ತು. ಆಗಸ್ಟ್ ಮುಗಿಯುತ್ತ ಬಂದರೂ ತುದಿಗಳಲ್ಲಿ ಎಲೆಯ ಮೇಲೆ ಎಲೆ ಬರುತ್ತಿತ್ತೇ ಹೊರತು ಹೂವಿನ ಸುಳಿವಿರಲಿಲ್ಲ. ಗೊಬ್ಬರ ಹೆಚ್ಚಾಯಿತೆಂದುಕೊಂಡು ನಿಲ್ಲಿಸಿದೆ. ನೀರು ಹೆಚ್ಚಾಯಿತೆಂದುಕೊಂಡು ಕಡಿಮೆ ಮಾಡಿದೆ. ಬೀಜ ಮಾರಿದವರು ಬೇರೆ ತಳಿಯನ್ನು ಕೊಟ್ಟರೇನೋ ಎಂದು ಸಂಶಯಪಟ್ಟು ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ, ತಪ್ಪು ಅವರದೂ ಆಗಿರಲಿಲ್ಲ.

ಕಾರಣ ತಿಳಿದದ್ದು ಒಂದು ರಾತ್ರಿ ಹನ್ನೊಂದರ ಸುಮಾರಿಗೆ, ಒಣಹಾಕಿದ ಬಟ್ಟೆಗಳನ್ನು ಎತ್ತಿಕೊಳ್ಳಲು ಬಾಲ್ಕನಿಗೆ ಹೋದಾಗ. ಒಳಗಿನ ದೀಪ ಆರಿಸಿದ್ದೆ, ಆದರೂ ಬಿಳಿಯ ಗೋಡೆಯ ಮೇಲೆ ಗಿಡದ ನೆರಳು, ಒಂದೊಂದು ಎಲೆಯ ಹಲ್ಲುಹಲ್ಲಾದ ಅಂಚಿನ ಸಮೇತ, ಸ್ಪಷ್ಟವಾಗಿ ಬಿದ್ದಿತ್ತು. ರಸ್ತೆಯ ಆಚೆ ಬದಿಯ ಬೀದಿದೀಪದ ತಲೆ ನಮ್ಮ ಬಾಲ್ಕನಿಗೆ ಸರಿಸಮನಾದ ಎತ್ತರದಲ್ಲಿದೆ. ನಾಲ್ಕು ವರ್ಷ ಆ ಮನೆಯಲ್ಲಿದ್ದರೂ ಪರದೆ ಎಳೆದು ಮಲಗುವ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಟಾರ್ಚ್ ತಂದು ಗಿಡವನ್ನು ಕೆಳಗಿನಿಂದ ನೋಡಿದೆ. ಬಾಲ್ಕನಿಯ ತಡೆಗೋಡೆಯ ಮರೆಯಲ್ಲಿದ್ದ ಕೆಳಗಿನ ಮೂರು ರೆಂಬೆಗಳಲ್ಲಿ ಬಿಳಿಯ ಎಳೆಗಳು ಆಗಲೇ ಗೊಂಚಲುಗಟ್ಟಿದ್ದವು, ಗೋಡೆಯಿಂದ ಮೇಲೆ ದೀಪಕ್ಕೆ ಮುಖಮಾಡಿದ್ದ ಭಾಗದಲ್ಲಿ ಒಂದೂ ಇರಲಿಲ್ಲ. ಒಂದೇ ಬೇರಿನ ಗಿಡ ಅರ್ಧಕ್ಕೆ ಇರುಳನ್ನೂ ಅರ್ಧಕ್ಕೆ ಹಗಲನ್ನೂ ಅನುಭವಿಸುತ್ತಿತ್ತು.

ಇಂಥ ಗಿಡಗಳು ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕಿನ ಕೆಂಪು ಅಂಶವನ್ನು ಹೀರಿ ಒಂದು ರೂಪಕ್ಕೆ ತಿರುಗಿ, ಕತ್ತಲೆಯಲ್ಲಿ ನಿಧಾನವಾಗಿ ಹಿಂದಿನ ರೂಪಕ್ಕೆ ಮರಳುತ್ತದೆ. ಕತ್ತಲೆ ಸಾಕಷ್ಟು ಹೊತ್ತು ಮುಂದುವರಿದರೆ ಮಾತ್ರ ಹೂಬಿಡುವ ಆಜ್ಞೆ ಎಲೆಯಿಂದ ತುದಿಗೆ ಹೋಗುತ್ತದೆ. ನಡುವೆ ಬೆಳಕು ಬಿದ್ದರೆ ಗಿಡದ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಸಂಜೆ ಹೊತ್ತಿಕೊಂಡು ಬೆಳಗಿನವರೆಗೆ ಉರಿಯುವ ದೀಪದೆದುರು ನನ್ನ ಗಿಡದ ಎಣಿಕೆ ಮುಗಿಯುವಂತೆಯೇ ಇರಲಿಲ್ಲ.

ಮೊದಲು ಕಪ್ಪು ಬಟ್ಟೆ ಹೊದಿಸಿ ನೋಡಿದೆ. ಬೆಳಿಗ್ಗೆ ತೆಗೆಯುವಾಗ ಒಳಗೆಲ್ಲ ಬೆವರಿದಂತೆ ಹನಿಗಟ್ಟಿ, ಎಲೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರೇ ದಿನಕ್ಕೆ ಅದನ್ನು ಬಿಟ್ಟೆ. ಉಳಿದ ದಾರಿಯೆಂದರೆ ಗಿಡವನ್ನೇ ಪ್ರತಿ ಸಂಜೆ ಒಳಗಿನ ಕಿಟಕಿಯಿಲ್ಲದ ಸಾಮಾನು ಕೋಣೆಗೆ ಸಾಗಿಸುವುದು. ನೀರುಂಡ ಇಪ್ಪತ್ತು ಲೀಟರಿನ ಕುಂಡವೆಂದರೆ ಹೆಚ್ಚುಕಡಿಮೆ ಒಂದು ಸಣ್ಣ ಅಕ್ಕಿಮೂಟೆಯ ತೂಕ. ಬಾಲ್ಕನಿಯ ಬಾಗಿಲಿಗೆ ಇಲ್ಲಿ ಅಂಗೈಯಗಲದ ಹೊಸ್ತಿಲಿರುವುದರಿಂದ ಚಕ್ರದ ಮಣೆಯೂ ಉಪಯೋಗಕ್ಕೆ ಬರಲಿಲ್ಲ, ಎರಡು ಕೈಗಳಲ್ಲಿ ತಬ್ಬಿಕೊಂಡು, ಮುಖಕ್ಕೆ ಎಲೆ ತಾಗದಂತೆ ಕತ್ತು ಓರೆ ಮಾಡಿಕೊಂಡು ಎತ್ತಿಡಬೇಕು. ಸೆಪ್ಟೆಂಬರ್ 1ರಿಂದ ಸಂಜೆ ಏಳಕ್ಕೆ ಒಳಗೆ, ಬೆಳಿಗ್ಗೆ ಏಳಕ್ಕೆ ಹೊರಗೆ. ಎರಡನೆಯ ವಾರವೇ ಬಾಗಿಲ ಚೌಕಟ್ಟಿಗೆ ತಗುಲಿ ಒಂದು ದೊಡ್ಡ ರೆಂಬೆ ಸೀಳಿತು. ಆಫೀಸಿನಲ್ಲಿ ತಡವಾದ ದಿನಗಳಲ್ಲಿ ರೈಲಿನಲ್ಲಿ ಕುಳಿತು ಗಡಿಯಾರ ನೋಡುತ್ತಿದ್ದೆ. ಬೀಗ ತೆಗೆದು ಈ ಕೆಲಸ ಮಾಡಿಕೊಡಿ ಎಂದು ನೆರೆಯವರನ್ನು ಕೇಳುವಂತಿರಲಿಲ್ಲ, ಹೊರಗಿನವರ ಕೈಗೆ ಸಿಗದಂತೆ ಕಾಯಬೇಕೆಂಬ ನಿಯಮವನ್ನು ನಾನೇ ಮುರಿದಂತಾಗುತ್ತಿತ್ತು.

ಆ ವರ್ಷ ವಿಜಯದಶಮಿ ಅಕ್ಟೋಬರ್ 12ಕ್ಕೆ ಬಂದಿತ್ತು. ಗಿಡ ಹೂವಿಗೆ ಬಂದು ನಾಲ್ಕು ವಾರವಷ್ಟೇ ಆಗಿತ್ತು, ಎರಡು ವಾರ ಬಿಟ್ಟುಹೋದರೆ ಅಷ್ಟು ದಿನದ ಶ್ರಮ ನೀರಿಗೆ ಬೀಳುತ್ತದೆ. ಟಿಕೆಟ್ ರದ್ದು ಮಾಡಿದೆ. "ಈ ಸಲ ಯಾಕಪ್ಪ ಬರಲ್ಲ?" ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ಕೆಲಸವಿದೆ ಎಂದು ಸುಳ್ಳು ಹೇಳಿದೆ. ಒಂದು ಗಿಡಕ್ಕಾಗಿ ಅಮ್ಮನಿಗೆ ಸುಳ್ಳು ಹೇಳಿದ್ದು ಇಂದಿಗೂ ನನಗೆ ನೋವಿನ ವಿಷಯ.

ಅಕ್ಟೋಬರಿನಲ್ಲಿ ಇಲ್ಲಿ ಬೆಳಗಿನ ಮಂಜು ಹತ್ತು ಗಂಟೆಯವರೆಗೂ ಕರಗುವುದಿಲ್ಲ. ತಿಂಗಳ ಕೊನೆಯ ವಾರ, ಎಲ್ಲಕ್ಕಿಂತ ದೊಡ್ಡ ಹೂಗೊಂಚಲಿನ ನಡುವೆ ಒಂದೇ ಒಂದು ಎಲೆ ಹಳದಿಯಾಗಿರುವುದು ಕಂಡಿತು. ಬೆರಳು ತಾಗಿಸಿದೊಡನೆ ಅದು ಬುಡಸಮೇತ ಕೈಗೆ ಬಂತು. ಗೊಂಚಲನ್ನು ಬಿಡಿಸಿ ನೋಡಿದರೆ ಒಳಗಿನ ಕಡ್ಡಿ ಕಂದಾಗಿ ಮೆತ್ತಗಾಗಿತ್ತು, ಅದರ ಸುತ್ತ ವಿಭೂತಿ ಸವರಿದಂತೆ ಬೂದುಬಣ್ಣದ ನಯವಾದ ಪುಡಿ, ಉಸಿರು ತಗುಲಿದರೆ ಹೊಗೆಯಂತೆ ಏಳುತ್ತಿತ್ತು. ದ್ರಾಕ್ಷಿಗೆ, ಸ್ಟ್ರಾಬೆರಿಗೆ ಬರುವ ಬೊಟ್ರೈಟಿಸ್ ಬೂಷ್ಟೇ ಇದು, ಹೊರಗಿನಿಂದ ಕಾಣುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ. ಬೂಷ್ಟು ಹಿಡಿದ ಹೂವನ್ನು ಒಣಗಿಸಿ ಸೇದುವುದು ಶ್ವಾಸಕೋಶಕ್ಕೆ ಅಪಾಯಕಾರಿ, ಹಾಗಾಗಿ ಅನುಮಾನ ಬಂದದ್ದನ್ನೆಲ್ಲ ಕಿತ್ತುಹಾಕಿದೆ. ನವೆಂಬರ್ 2ರಂದು, ಇನ್ನೂ ಪೂರ್ತಿ ಮಾಗದ ಗಿಡವನ್ನು ಕತ್ತರಿಸಿದಾಗ ಉಳಿದದ್ದು ಒಣತೂಕದಲ್ಲಿ 19 ಗ್ರಾಂ.

ಬೀದಿದೀಪವಿಲ್ಲದಿದ್ದರೂ ನನ್ನ ಆಯ್ಕೆ ಬದಲಾಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಕಿರಿದಾದ ಎಲೆಯ ಸಟೈವಾಗಳು ಬೆಚ್ಚಗಿನ, ಸಮಭಾಜಕಕ್ಕೆ ಹತ್ತಿರದ ಸೀಮೆಯ ಗಿಡಗಳು, ಹೂವು ಮಾಗಲು ಹತ್ತು ವಾರ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ, ಇಲ್ಲಿ ಎಂಟು ಗಂಟೆ. ಇರುಳು ಉದ್ದವಾಗುವವರೆಗೆ ಕಾಯ್ದ ಗಿಡಕ್ಕೆ ಇಲ್ಲಿ ಸಿಗುವುದು ಸೋತ ಬಿಸಿಲು ಮತ್ತು ಜಿನುಗು ಮಳೆ, ಕಾಯದ ಗಿಡಕ್ಕೆ ಸಿಗುವುದು ಜೂನ್, ಜುಲೈ. ಒಳಗೆ ದೀಪದಡಿ ಬೆಳೆಸಬಹುದಲ್ಲ ಎನ್ನುವವರಿಗೆ ನನ್ನ ಲೆಕ್ಕ ಹೀಗಿದೆ: ನೂರು ವ್ಯಾಟಿನ ಎಲ್‌ಇಡಿಯನ್ನು ದಿನಕ್ಕೆ ಹದಿನೆಂಟು ಗಂಟೆಯಂತೆ ಎಂಬತ್ತು ದಿನ ಉರಿಸಿದರೆ 144 ಯೂನಿಟ್ಟು, ನಾನು ಕೊಡುವ ದರದಲ್ಲಿ ಐವತ್ತು ಯೂರೋ, ದೀಪದ ಬೆಲೆ ಬೇರೆ. ಬಿಸಿಲು ಪುಕ್ಕಟೆಯಾಗಿ ಬರುವ ಬಾಲ್ಕನಿ ಇರುವಾಗ ಅಷ್ಟು ಖರ್ಚು ನನಗೆ ಬೇಡ.

ಇಳುವರಿಯ ವಿಷಯದಲ್ಲಿ ಫೋಟೋ ಗಿಡ ಚೆನ್ನಾಗಿ ಮಾಗಿದರೆ ಆಟೋಗಿಂತ ಎಷ್ಟೋ ಪಟ್ಟು ಹೆಚ್ಚು ಕೊಡುತ್ತದೆ, ನಿಜ. ಆದರೆ ಮನೆಯಲ್ಲಿ ಇಡಬಹುದಾದದ್ದು 50 ಗ್ರಾಂ ಮಾತ್ರ ಎಂದ ಮೇಲೆ ಅದಕ್ಕಿಂತ ಹೆಚ್ಚಿನದನ್ನು ಬೆಳೆದು ಮಾಡುವುದೇನು? ವಾರಕ್ಕೆ ಒಂದೆರಡು ಸಂಜೆ ಬಳಸುವ ನನಗೆ ಒಂದು ಆಟೋ ಗಿಡದ ಫಸಲು ವರ್ಷಕ್ಕೆ ಸಾಲುತ್ತದೆ.

ವಾಸನೆ ಎರಡಕ್ಕೂ ಇದೆ. ಆಟೋದ್ದು ಐದಾರು ವಾರದಲ್ಲಿ ಮುಗಿಯುತ್ತದೆ, ಪಕ್ಕದ ಮನೆಯವರೊಂದಿಗಿನ ಸಂಬಂಧವೂ ಉಳಿಯುತ್ತದೆ.

ಬೀಜದ ಬೆಲೆ ಹೆಚ್ಚುಕಡಿಮೆ ಒಂದೇ, ಒಂದಕ್ಕೆ ಒಂಬತ್ತು ಹತ್ತು ಯೂರೋ ಕೊಟ್ಟೆ. ಫೋಟೋ ಗಿಡದ ಕಡ್ಡಿ ಕತ್ತರಿಸಿ ನೆಟ್ಟು ಮುಂದುವರಿಸಬಹುದು, ಆಟೋಗೆ ಪ್ರತಿ ಸಲ ಹೊಸ ಬೀಜವೇ ಬೇಕು.

ಆಟೋ ತಳಿಯ ದೋಷವನ್ನೂ ಮುಚ್ಚಿಡುವುದಿಲ್ಲ. ಅದಕ್ಕೆ ಕಾಯಲು ಬರುವುದಿಲ್ಲ. 2025ರಲ್ಲಿ ಎರಡು ಆಟೋಗಳನ್ನು ಊರಿದೆ, ಒಂದನ್ನು ದೊಡ್ಡ ಕುಂಡದಲ್ಲಿ, ಇನ್ನೊಂದನ್ನು ಜಾಗವಿಲ್ಲವೆಂದು ಮೊಸರಿನ ಡಬ್ಬಿಯಲ್ಲಿ. ಡಬ್ಬಿಯದನ್ನು ಹದಿನೆಂಟನೆಯ ದಿನ ಕಿತ್ತು ಬೇರೆ ಕುಂಡಕ್ಕೆ ನೆಟ್ಟಾಗ ಬೇರಿನ ಮಣ್ಣು ಒಡೆದುಹೋಯಿತು. ಫೋಟೋ ಗಿಡವಾಗಿದ್ದರೆ ಎರಡು ವಾರ ಸುಧಾರಿಸಿಕೊಂಡು ಮತ್ತೆ ಚಿಗುರುತ್ತಿತ್ತು. ಇದು ಒಂದು ವಾರ ಬಾಡಿ ನಿಂತು, ವಯಸ್ಸಾಯಿತೆಂದು ಹಾಗೆಯೇ ಹೂವಿಗೆ ತಿರುಗಿತು. ಗೇಣುದ್ದದ ಆ ಗಿಡದಿಂದ ಬಂದದ್ದು 6 ಗ್ರಾಂ, ದೊಡ್ಡ ಕುಂಡದ್ದು 41. ಆದ್ದರಿಂದ ಆಟೋ ಬೀಜವನ್ನು ಕೊನೆಯವರೆಗೆ ಇರಬೇಕಾದ ಕುಂಡದಲ್ಲಿಯೇ ಊರಬೇಕು, ಮೊದಲ ಎರಡು ವಾರ ಗೊಬ್ಬರ ಮುಟ್ಟಿಸಬಾರದು, ತುದಿ ಚಿವುಟಬಾರದು.

ಪರಿಮಳದಲ್ಲಿ ಫೋಟೋ ಗಿಡ ಮೇಲು. ಬೂಷ್ಟಿನಿಂದ ಉಳಿದ ಆ 19 ಗ್ರಾಂನಲ್ಲಿ ನಿಂಬೆಯ ಸಿಪ್ಪೆ ಮತ್ತು ಕಾಳುಮೆಣಸು ಜಜ್ಜಿದಂಥ ಗಾಢವಾದ ವಾಸನೆಯಿತ್ತು, ಆಟೋದಲ್ಲಿ ಅದೇ ವಾಸನೆ ನೀರು ಬೆರೆಸಿದಂತೆ ತೆಳು. ನಮ್ಮ ಅಪ್ಪ ಅವರೆಯ ಬಗ್ಗೆ ಇದೇ ಮಾತು ಹೇಳುತ್ತಿದ್ದರು: "ಹೆಬ್ಬಾಳದ್ದು ಕಾಯಿ ಕೊಡ್ತದೆ, ಸೊಗಡು ಕೊಡಲ್ಲ ಕಣಪ್ಪ." ಮಾಗಡಿಯ ಹೊಲದಲ್ಲಿ ನಿಂತು ಕೇಳಿದರೆ ನಾನೂ ಇಬ್ಬನಿಗೆ ಕಾಯುವ ನಾಟಿ ಅವರೆಯನ್ನೇ ಆರಿಸುತ್ತೇನೆ, ಏಕೆಂದರೆ ಅಲ್ಲಿ ಕಾಯ್ದದ್ದಕ್ಕೆ ಸೊಗಡಿನ ಫಲವಿದೆ, ಆ ಗಿಡ ಆ ನೆಲದ ಇರುಳನ್ನು ನಂಬಿ ಕೆಟ್ಟಿಲ್ಲ. ಇಲ್ಲಿಯ ಇರುಳು ಬರುವಾಗ ಚಳಿಯನ್ನೂ ಬೂಷ್ಟನ್ನೂ ಜೊತೆಗೇ ತರುತ್ತದೆ. ಸ್ವಂತ ಹಿತ್ತಿಲು, ಹತ್ತಿರದಲ್ಲಿ ದೀಪವಿಲ್ಲದ ಮೂಲೆ, ಮಳೆಗೆ ಗಾಜಿನ ಮನೆ, ಅಕ್ಟೋಬರಿನಲ್ಲಿ ಮನೆಯಲ್ಲಿರುವ ಬಿಡುವು, ಇವೆಲ್ಲ ಇರುವವರು ಫೋಟೋ ಸಟೈವಾವನ್ನು ಬೆಳೆಸಿ ನೋಡಬಹುದು, ಅವರ ಹೂವಿನ ಪರಿಮಳ ನನ್ನದಕ್ಕಿಂತ ಖಂಡಿತ ಹೆಚ್ಚಾಗಿರುತ್ತದೆ. ನನಗೆ ಈ ನಾಲ್ಕರಲ್ಲಿ ಒಂದೂ ಇಲ್ಲ.

2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂತು. ಹಿಂದಿನ ವಾರವೇ ನಾನು ಊರಿನಲ್ಲಿದ್ದೆ. ಬಾಲ್ಕನಿಯ ಕುಂಡಗಳು ಆಗಸ್ಟಿನಲ್ಲಿಯೇ ಖಾಲಿಯಾಗಿದ್ದವು, ಹೊರಡುವ ಮುಂಚೆ ಒಂದರಲ್ಲಿ ಮೆಂತ್ಯ ಚೆಲ್ಲಿದ್ದೆ.