ಗಂಡ ಹೆಂಡತಿಯನ್ನು ಎದುರುಬದುರು ಕೂರಿಸುವ ಮುನ್ನ: ಮೈಸೂರಿನ ಒಂದು ತರಬೇತಿ

ಕುಟುಂಬ ನ್ಯಾಯಾಲಯಕ್ಕೆ ಹೋಗಿರುವ, ಇಲ್ಲವೇ ಇಂದೋ ನಾಳೆಯೋ ಹೋಗಲಿರುವ ಕುಟುಂಬಗಳ ಜೊತೆ ಕೆಲಸ ಮಾಡುವವರಿಗಾಗಿ ಮೈಸೂರಿನ ಕುವೆಂಪುನಗರದಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ವಾರಾಂತ್ಯದ ತರಬೇತಿ ನಡೆಸುತ್ತದೆ. ಮಂಡ್ಯದ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ನಾನು ಅದನ್ನು ಇತ್ತೀಚೆಗೆ ಮುಗಿಸಿದೆ. ಸೇರಬಹುದೇ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದಾರೆ. ಸೇರಿ ಎಂದೇ ಹೇಳುತ್ತೇನೆ. ಆದರೆ ಹಳ್ಳಿಯ ಕುಟುಂಬಗಳ ನಡುವೆ ಕೆಲಸ ಮಾಡುವವರು ತಮ್ಮ ಪ್ರಶ್ನೆಗಳನ್ನು ತಾವೇ ಒಯ್ಯಬೇಕು. ಅಲ್ಲಿ ಅವನ್ನು ಬೇರೆ ಯಾರೂ ಎತ್ತುವುದಿಲ್ಲ.

ಶುಲ್ಕ 8,500 ರೂಪಾಯಿ, ಮಧ್ಯಾಹ್ನದ ಊಟ ಸೇರಿ. ನಮ್ಮ ತಂಡದಲ್ಲಿ ಕಿರಿಯ ವಕೀಲರು, ಸಮಾಜಕಾರ್ಯ ಓದಿದ ಹುಡುಗಿಯರು, ನಿವೃತ್ತ ಶಿಕ್ಷಕರೊಬ್ಬರು, ಕಾನೂನು ಸೇವಾ ಪ್ರಾಧಿಕಾರದ ಅರೆಕಾಲಿಕ ಸ್ವಯಂಸೇವಕರು ಇದ್ದರು. ಮೊದಲೆರಡು ತರಗತಿಗಳಲ್ಲಿ ಕಾನೂನಿನ ಪರಿಚಯ: 1955ರ ಹಿಂದೂ ವಿವಾಹ ಅಧಿನಿಯಮ, 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನು. ಪುಸ್ತಕ ಓದಿಕೊಂಡೇ ತಿಳಿಯಬಹುದಾದದ್ದು ಅದು. ಈ ತರಬೇತಿಯ ನಿಜವಾದ ಬೆಲೆ ಇರುವುದು ಅನಂತರದ ಅಭ್ಯಾಸ ತರಗತಿಗಳಲ್ಲಿ.

ನಮ್ಮ ಕಡೆ ಸಂಸಾರದ ಜಗಳ ಬಂದರೆ ಹಿರಿಯರು ಮಾಡುವುದು ಒಂದೇ: ಇಬ್ಬರನ್ನೂ ಕರೆಸಿ, ಜಗಲಿಯ ಮೇಲೆ ಕೂರಿಸಿ, ಬುದ್ಧಿ ಹೇಳಿ ಒಂದು ಮಾಡಿ ಕಳುಹಿಸುವುದು. ಇಲ್ಲಿ ಮೊದಲು ಕಲಿಸಿದ್ದು ಹಾಗೆ ಕೂರಿಸಬೇಡಿ ಎಂಬುದನ್ನು. ಮೊದಲ ಭೇಟಿ ಬೇರೆಬೇರೆಯಾಗಿಯೇ ಆಗಬೇಕು, ಸಾಧ್ಯವಾದರೆ ಬೇರೆಬೇರೆ ದಿನ. ಹೆಂಡತಿಯನ್ನು ಒಬ್ಬಳೇ ಇರುವಾಗ ಕೇಳಬೇಕಾದ ಪ್ರಶ್ನೆಗಳನ್ನು ನಮ್ಮಿಂದಲೇ ಬರೆಸಿದರು. ಫೋನ್ ಯಾರ ಕೈಯಲ್ಲಿರುತ್ತದೆ? ತವರಿಗೆ ಹೋಗಲು ಯಾರ ಅಪ್ಪಣೆ ಬೇಕು? ಇಲ್ಲಿ ನೀವು ಆಡಿದ ಮಾತು ಮನೆಗೆ ಹೋದ ಮೇಲೆ ಏನಾಗುತ್ತದೆ? ಈ ಮೂರನೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ಜಂಟಿ ಮಾತುಕತೆಯ ವಿಚಾರವನ್ನೇ ಎತ್ತಕೂಡದು ಎಂದು ತರಬೇತುದಾರರು ಖಡಾಖಂಡಿತವಾಗಿ ಹೇಳಿದರು.

ಒಂದು ಅಭ್ಯಾಸವನ್ನು ವಿವರವಾಗಿ ಹೇಳಬೇಕು. ಯುವ ವಕೀಲರೊಬ್ಬರು ಗಂಡನ ಪಾತ್ರ ವಹಿಸಿದ್ದರು. ‘ಒಂದೇ ಏಟು ಮೇಡಂ, ಅದೂ ನನ್ನ ತಾಯಿಗೆ ಎದುರು ಮಾತನಾಡಿದ್ದಕ್ಕೆ’ ಎಂದರು. ಸಮಾಲೋಚಕಿಯಾಗಿ ಕುಳಿತಿದ್ದ ಹುಡುಗಿ ಸಹಜವೆಂಬಂತೆ ‘ಏನು ಮಾತನಾಡಿದರು?’ ಎಂದು ಕೇಳಿದಳು. ತರಬೇತುದಾರರು ಅಲ್ಲಿಗೇ ನಿಲ್ಲಿಸಿದರು. ಆ ಪ್ರಶ್ನೆ ಬಂದ ಕೂಡಲೇ ಏಟಿನ ವಿಚಾರ ಪಕ್ಕಕ್ಕೆ ಸರಿದು, ಹೆಂಡತಿಯ ನಾಲಿಗೆಯ ವಿಚಾರಣೆ ಶುರುವಾಗಿತ್ತು. ಬಳಿಕ ಅವರು 2006ರ ಕೌಟುಂಬಿಕ ದೌರ್ಜನ್ಯ ನಿಯಮಗಳಲ್ಲಿನ 14ನೇ ನಿಯಮವನ್ನು ಓದಿಸಿದರು. ಮ್ಯಾಜಿಸ್ಟ್ರೇಟರು ಆದೇಶಿಸಿದ ಸಮಾಲೋಚನೆಯಲ್ಲಿ ಹಿಂಸೆಗೆ ಸಮರ್ಥನೆ ಕೊಡಲು ಎದುರುದಾರನಿಗೆ ಅವಕಾಶವೇ ಇಲ್ಲ. ಆ ಮಾತನ್ನು ಆರಂಭಕ್ಕೆ ಮೊದಲೇ ಅವನಿಗೆ ತಿಳಿಸಬೇಕು. ರಾಜಿಯ ಪ್ರಯತ್ನವೂ ನೊಂದವಳು ಬಯಸಿದರೆ ಮಾತ್ರ. ಇಷ್ಟು ಸ್ಪಷ್ಟವಾದ ನಿಯಮ ನಮ್ಮ ಜಿಲ್ಲೆಯ ಪ್ರತಿ ಠಾಣೆಯ, ಪ್ರತಿ ಸಹಾಯ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕಿತ್ತು. ‘ಹೊಂದಿಕೊಂಡು ಹೋಗಮ್ಮ’ ಎಂಬ ಮಾತು ಎಷ್ಟು ಹೆಣ್ಣುಮಕ್ಕಳನ್ನು ಮತ್ತೆ ಅದೇ ಅಡುಗೆಮನೆಗೆ ತಳ್ಳಿದೆ ಎಂಬುದನ್ನು ಕಂಡವಳಾಗಿ ಇದನ್ನು ಹೇಳುತ್ತಿದ್ದೇನೆ.

ಕುಟುಂಬ ನ್ಯಾಯಾಲಯದ ಕಾನೂನೇ ರಾಜಿಗೆ ಒತ್ತು ಕೊಡುತ್ತದಲ್ಲ ಎಂದು ಶಿಕ್ಷಕರು ಕೇಳಿದರು. ಕೊಡುತ್ತದೆ. ಆದರೆ 9ನೇ ಕಲಮು ಪ್ರಕರಣದ ಸ್ವರೂಪಕ್ಕೂ ಸಂದರ್ಭಕ್ಕೂ ಹೊಂದುವಂತೆ, ಸಾಧ್ಯವಾದ ಕಡೆ ಎನ್ನುತ್ತದೆ. ಜೊತೆಗೆ ಇತ್ಯರ್ಥವೆಂದರೆ ಮತ್ತೆ ಒಂದೇ ಸೂರಿನಡಿ ಬಾಳುವುದು ಎಂದಷ್ಟೇ ಅರ್ಥವಲ್ಲ. ಜೀವನಾಂಶ, ಮಗುವಿನ ಭೇಟಿ, ಒಡವೆಗಳ ವಾಪಸಾತಿ, ಇವುಗಳ ಮೇಲೆ ಗೌರವದಿಂದ ಒಪ್ಪಿ ಬೇರೆಯಾಗುವುದೂ ಇತ್ಯರ್ಥವೇ. ಈ ಚರ್ಚೆ ಊಟದ ಹೊತ್ತು ಮೀರಿ ನಡೆಯಿತು. ತರಬೇತುದಾರರು ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ.

ಗೋಪ್ಯತೆಯ ಪಾಠವೂ ಚೆನ್ನಾಗಿತ್ತು. ಮಧ್ಯಸ್ಥಗಾರರ ಮುಂದೆ ಆಡಿದ ಮಾತಿಗೆ ಗೋಪ್ಯತೆಯ ರಕ್ಷಣೆ ಇದೆ. ಆದರೆ ಮಗುವಿನ ಪಾಲನೆಯ ಪ್ರಕರಣದಲ್ಲಿ ನ್ಯಾಯಾಲಯ ನೇಮಿಸಿದ ಸಮಾಲೋಚಕರ ವರದಿಯನ್ನು ನ್ಯಾಯಾಧೀಶರು ನೋಡಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾದರೆ ‘ಇದು ನಮ್ಮಿಬ್ಬರ ನಡುವೆಯೇ ಇರುತ್ತದೆ’ ಎಂದು ಎಲ್ಲರಿಗೂ ಒಂದೇ ಬಾಯಿಯಲ್ಲಿ ಮಾತು ಕೊಡುವ ಹಾಗಿಲ್ಲ. ನಾವು ಯಾವ ಕುರ್ಚಿಯಲ್ಲಿ ಕುಳಿತಿದ್ದೇವೆ ಎಂಬುದನ್ನು ಮೊದಲು ತಿಳಿಸಿ, ಆಮೇಲೆ ಮಾತು ಆರಂಭಿಸಬೇಕು.

ಮಕ್ಕಳ ವಿಷಯಕ್ಕೆ ಇಡೀ ಒಂದು ದಿನ ಕೊಟ್ಟಿದ್ದರು. ಎರಡು ದಿನ ಕೊಟ್ಟಿದ್ದರೂ ಹೆಚ್ಚಾಗುತ್ತಿರಲಿಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂಬುದು ಎಲ್ಲರಿಗೂ ಗೊತ್ತು. ಎಲ್ಲಕ್ಕಿಂತ ಮೇಲಿರುವುದು ಮಗುವಿನ ಹಿತ ಎಂಬುದನ್ನು ಅಷ್ಟೇ ಸುಲಭವಾಗಿ ಮರೆಯುತ್ತೇವೆ. ‘ಅಪ್ಪ ಬೇಕೋ ಅಮ್ಮ ಬೇಕೋ’ ಎಂದು ಮಗುವನ್ನು ಕೇಳಲೇಬಾರದು. ಬದಲಿಗೆ ಬೆಳಗ್ಗೆ ಎಬ್ಬಿಸುವವರು ಯಾರು, ಜಡೆ ಹಾಕುವವರು ಯಾರು, ಶಾಲೆಯಲ್ಲಿ ಗೆಳೆಯರು ಯಾರು ಎಂದು ಕೇಳಿ ಎಂದರು. ಒಬ್ಬರ ಪರ ನಿಲ್ಲುವ ಭಾರ ಹೊರದೆಯೇ ಮಗು ತನ್ನ ದಿನದ ಬಗ್ಗೆ ಮಾತನಾಡಬಲ್ಲದು.

ಇನ್ನು ಕೊರತೆಗೆ ಬರುತ್ತೇನೆ. ಉದಾಹರಣೆಯಾಗಿ ಕೊಟ್ಟ ಕುಟುಂಬಗಳೆಲ್ಲ ಸಂಬಳದವು: ಗಂಡ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ, ಹೆಂಡತಿ ಬ್ಯಾಂಕಿನಲ್ಲಿ, ಜಗಳ ಫ್ಲ್ಯಾಟಿನ ಸಾಲದ ಬಗ್ಗೆ. ನನ್ನ ಬಳಿ ಬರುವವರು ಮದ್ದೂರು, ಮಳವಳ್ಳಿ, ನಾಗಮಂಗಲದ ಹಳ್ಳಿಗಳವರು. ಪಹಣಿ ಮಾವನ ಹೆಸರಿನಲ್ಲಿರುತ್ತದೆ. ಕಬ್ಬು ಕಟಾವಾಗಿ ಕಾರ್ಖಾನೆ ಹಣ ಕೊಟ್ಟಾಗಲೇ ಮನೆಗೆ ದೊಡ್ಡ ಮೊತ್ತ ಬರುವುದು. ನಡುವಿನ ತಿಂಗಳುಗಳು ಡೇರಿಗೆ ಹಾಕುವ ಹಾಲಿನಲ್ಲೋ ರೇಷ್ಮೆ ಗೂಡಿನಲ್ಲೋ ಸಾಗುತ್ತವೆ. ಹೊಲದಲ್ಲಿ ಸೊಸೆ ದುಡಿದದ್ದಕ್ಕೆ ಎಲ್ಲೂ ದಾಖಲೆ ಇಲ್ಲ. ‘ನನಗೆ ವರಮಾನವೇ ಇಲ್ಲ, ಜಮೀನೆಲ್ಲ ಅಪ್ಪನದು’ ಎಂದು ಗಂಡ ಹೇಳಿದಾಗ ಆ ಹೆಣ್ಣುಮಗಳು ಏನು ಮಾಡಬೇಕು? ಇದಕ್ಕೆ ತರಗತಿಯಲ್ಲಿ ಉತ್ತರ ಸಿಗಲಿಲ್ಲ.

ಬೇಸರವಾದದ್ದು ಉತ್ತರ ಕಾನೂನಿನಲ್ಲೇ ಇರುವುದರಿಂದ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಅಫಿಡವಿಟ್ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಹೇಳಿತು. ನಮಗೆ ಹಂಚಿದ್ದು ಅದರ ಮೊದಲನೆಯ ನಮೂನೆ ಮಾತ್ರ. ವೇತನ ಚೀಟಿ, ಕ್ರೆಡಿಟ್ ಕಾರ್ಡ್, ಆದಾಯ ತೆರಿಗೆ ವಿವರಗಳದ್ದು. ಅದೇ ತೀರ್ಪಿನಲ್ಲಿ ಕೃಷಿಕರಿಗೆಂದೇ ಎರಡನೆಯ ನಮೂನೆಯಿದೆ. ಜಮೀನಿನಲ್ಲಿ ಪಾಲೆಷ್ಟು, ನೀರಾವರಿಯ ತರಿಯೋ ಮಳೆಯಾಶ್ರಿತ ಖುಷ್ಕಿಯೋ, ಏನು ಬೆಳೆ, ಕಳೆದ ಮೂರು ವರ್ಷಗಳ ವರಮಾನವೆಷ್ಟು, ಗುತ್ತಿಗೆಗೆ ಕೊಟ್ಟಿದೆಯೇ, ಜಾನುವಾರು ಎಷ್ಟು, ಸಾಲ ಎಷ್ಟು ಎಂದೆಲ್ಲ ಅದು ಕೇಳುತ್ತದೆ. ಮಂಡ್ಯದ ಕುಟುಂಬಕ್ಕೆ ಬೇಕಾದದ್ದು ಇದು. ನಾನು ಮುದ್ರಿಸಿಕೊಂಡು ಹೋಗಿ ತೋರಿಸಿದಾಗ ತರಬೇತುದಾರರು ಆಸಕ್ತಿಯಿಂದ ಓದಿದರು, ಪ್ರತಿಗಳನ್ನೂ ತೆಗೆಸಿದರು. ಆದರೆ ಅದರ ಮೇಲೆ ಅಭ್ಯಾಸ ಮಾಡಿಸಲು ಸಮಯ ಉಳಿದಿರಲಿಲ್ಲ.

ಟಿಪ್ಪಣಿ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ. ಪಾಠ ಕನ್ನಡದಲ್ಲಿ, ಮಾತುಕತೆ ಕನ್ನಡದಲ್ಲಿ, ಮನೆಗೆ ಒಯ್ಯುವ ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿ ಏಕೆ? ನಮ್ಮ ಸ್ವಯಂಸೇವಕಿಯರಲ್ಲಿ ಅರ್ಧದಷ್ಟು ಜನ ಅದನ್ನು ಬೀರುವಿನಲ್ಲಿಡುತ್ತಾರೆ, ಅಷ್ಟೆ. ಕುಟುಂಬ ನ್ಯಾಯಾಲಯದ ಸಿಬ್ಬಂದಿಯ ಜೊತೆ ಒಂದು ಸಂವಾದವನ್ನೂ ಏರ್ಪಡಿಸಲಿಲ್ಲ. ಅರ್ಜಿ ಯಾವ ಕಿಟಕಿಗೆ ಹೋಗುತ್ತದೆ, ಸಮಾಲೋಚಕರ ಕೊಠಡಿ ಎಲ್ಲಿ, ಮಗುವಿನ ಭೇಟಿ ಎಲ್ಲಿ ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದರೆ, ಮೊದಲ ಬಾರಿ ಕೋರ್ಟಿಗೆ ಹೋಗುವ ತಾಯಿಗೆ ಧೈರ್ಯ ಹೇಳುವುದು ಎಷ್ಟೋ ಹಗುರವಾಗುತ್ತಿತ್ತು.

ಸರ್ಟಿಫಿಕೇಟಿನ ಆಸೆಯಿಂದ ಬರುವವರಿಗೆ ಒಂದು ಮಾತು. ಇದನ್ನು ಹಿಡಿದು ನ್ಯಾಯಾಲಯದ ಮಧ್ಯಸ್ಥಗಾರರ ಪಟ್ಟಿಗೆ ಸೇರಲಾಗದು. ಅದಕ್ಕೆ ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಮತ್ತು ಸಂಧಾನ ಯೋಜನಾ ಸಮಿತಿ ರೂಪಿಸಿದ 40 ಗಂಟೆಗಳ ತರಬೇತಿ ಬೇರೆಯೇ ಇದೆ. ಸಂಸ್ಥೆಯವರೂ ಇದನ್ನು ಮುಚ್ಚಿಡದೆ ಮೊದಲ ದಿನವೇ ಹೇಳುತ್ತಾರೆ.

ಮಂಡ್ಯದಿಂದ ಹೋಗುವವರಿಗೆ ಬೆಳಗಿನ ರೈಲು ಅನುಕೂಲ. ತರಗತಿ ಹತ್ತಕ್ಕೆ ಆರಂಭ. ಮುಂದಿನ ತಂಡಕ್ಕೆ ಹೆಸರು ಕೊಡುವಾಗಲೇ ಕೃಷಿಕರ ಅಫಿಡವಿಟ್ಟಿಗೆ ಒಂದು ಅವಧಿ ಮೀಸಲಿಡಿ ಎಂದು ಕೇಳಿ. ನಾನು ಬರೆದು ಕೊಟ್ಟು ಬಂದಿದ್ದೇನೆ. ಸಾಕಷ್ಟು ಜನ ಕೇಳಿದರೆ ಸೇರಿಸುತ್ತೇವೆ ಎಂದು ಹೇಳಿದ್ದಾರೆ.