ಮರ್ಖಾ ಕಣಿವೆ: ಕಂಪನಿ ಟೆಂಟಾ, ಊರವರ ಮನೆಯಾ?

ಲಡಾಖಿನ ಮರ್ಖಾ ಕಣಿವೆಗೆ ಎರಡೂ ರೀತಿಯಲ್ಲಿ ಹೋಗಿ ಬಂದಿದ್ದೇನೆ. ಮೊದಲು ಟ್ರೆಕಿಂಗ್ ಕಂಪನಿಯ ಗುಂಪಿನಲ್ಲಿ. ಟೆಂಟು, ಅಡುಗೆಯವರು, ಕುದುರೆ ಎಲ್ಲ ಸಮೇತ. ಆಮೇಲೆ ಲೇಹ್‌ನಲ್ಲಿ ಗೊತ್ತು ಮಾಡಿಕೊಂಡ ಲಡಾಖಿ ಗೈಡ್ ಜೊತೆ, ಹೋಂಸ್ಟೇಗಳಲ್ಲಿ ಉಳಿದುಕೊಂಡು. ದಾರಿ ಒಂದೇ: ಸ್ಕಿಯು, ಮರ್ಖಾ, ಹಂಕರ್, ನಿಮಾಲಿಂಗ್, ಕೊನೆಗೆ ಸುಮಾರು 5,200 ಮೀಟರ್ ಎತ್ತರದ ಕೊಂಗ್ಮಾರು ಲಾ (ಲಾ ಅಂದರೆ ಬೆಟ್ಟಸಾಲು ದಾಟುವ ದಾರಿ).

ಊಟದಲ್ಲಿ ಹೋಂಸ್ಟೇಗೇ ನನ್ನ ವೋಟು. ಗುಂಪಿನಲ್ಲಿ ಅನ್ನ, ದಾಲ್, ಸೂಪು, ದೂರುವಂಥದ್ದೇನಿಲ್ಲ. ಆದರೆ ಮನೆಯಲ್ಲಿ ಒಲೆ ಪಕ್ಕವೇ ಕೂರಿಸುತ್ತಾರೆ. ಹಿಟ್ಟಿನ ಚಿಕ್ಕ ಉಂಡೆಗಳನ್ನು ಹೆಬ್ಬೆರಳಲ್ಲಿ ಒತ್ತಿ ಗುಳಿ ಮಾಡಿ, ತರಕಾರಿ ಜೊತೆ ಬೇಯಿಸಿದ ಸ್ಕ್ಯೂ ಬಿಸಿಬಿಸಿ ತಟ್ಟೆಗೆ ಬೀಳುತ್ತದೆ. ಬೆಣ್ಣೆ ಹಾಕಿದ ಉಪ್ಪು ಚಹಾ ಮಾತ್ರ ನನಗೆ ಇನ್ನೂ ಒಗ್ಗಿಲ್ಲ. ಮಾರನೇ ದಿನದ ಬುತ್ತಿಯನ್ನೂ ಕಟ್ಟಿಕೊಡುತ್ತಾರೆ.

ನಿಜವಾದ ವ್ಯತ್ಯಾಸ ಇರುವುದು ಹಂಕರ್ ದಾಟಿದ ಮೇಲೆ. ಹಂಕರ್ ಸುಮಾರು 4,000 ಮೀಟರ್, ನಿಮಾಲಿಂಗ್ ಸುಮಾರು 4,800. ಎತ್ತರದ ಕಾಯಿಲೆ ತಗಲಬಾರದು ಅಂದರೆ ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅಂತಾರಲ್ವಾ, ಇಲ್ಲಿ ಒಂದೇ ಏಟಿಗೆ ಎಂಟುನೂರು! ನಡುವೆ ತಚುಂಗ್ಸೆ ಅನ್ನುವ ಜಾಗವಿದೆ. ಅಲ್ಲಿ ಮನೆಗಳಿಲ್ಲ, ಟೆಂಟ್ ಇದ್ದವರಿಗಷ್ಟೇ ಅನುಕೂಲ. ಈ ಲೆಕ್ಕದಲ್ಲಿ ಕಂಪನಿಯೇ ಗೆಲ್ಲಬೇಕಿತ್ತು. ನಮ್ಮ ಗುಂಪು ಮಾತ್ರ ಅಲ್ಲಿ ಚಹಾ ಕುಡಿದು ಮುಂದೆ ನಡೆಯಿತು, ವೇಳಾಪಟ್ಟಿಯಲ್ಲಿ ಒಂದು ದಿನ ಉಳಿಸೋಕೆ. ನಿಮಾಲಿಂಗ್‌ನಲ್ಲಿ ಇಬ್ಬರು ತಲೆ ಹಿಡಿದು ಕೂತರು. ರಾತ್ರಿ ಊಟ ಯಾರಿಗೂ ಸೇರಲಿಲ್ಲ.

ಲಡಾಖಿ ಗೈಡ್ ಬೆಳಗಾದರೆ ಕೇಳುತ್ತಿದ್ದುದು ಎರಡೇ ಮಾತು: "ನಿದ್ದೆ ಬಂತಾ? ಊಟ ಸೇರ್ತಾ?" ಹಂಕರ್‌ನಲ್ಲಿ ನನ್ನ ಉತ್ತರ ಅವರಿಗೆ ಹಿಡಿಸಲಿಲ್ಲ. ಒಂದು ದಿನ ಅಲ್ಲೇ ನಿಂತೆವು. ಸುಮ್ನೆ ಸ್ವಲ್ಪ ಮೇಲಕ್ಕೆ ಹತ್ತಿ ಮತ್ತೆ ಕೆಳಗಿಳಿದು ಮಲಗಿದೆವು. ಕೊಂಗ್ಮಾರು ಲಾ ಹತ್ತುವಾಗ ಕಾಲು ನೋವಿತ್ತು, ತಲೆನೋವು ಇರಲಿಲ್ಲ.

ನಿಮಾಲಿಂಗ್‌ನಲ್ಲಿ ಹೋಂಸ್ಟೇ ಇಲ್ಲ. ಸೀಸನ್‌ನಲ್ಲಿ ಹಾಕಿರುವ ಟೆಂಟೇ ಗತಿ. ಚಳಿ ಇಬ್ಬರಿಗೂ ಒಂದೇ.

ಹಿಮಾಲಯಕ್ಕೆ ಮೊದಲ ಸಲ ಹೋಗುವವರು, ಒಬ್ಬರೇ ಹೊರಟವರು ಗುಂಪಿಗೇ ಸೇರಲಿ. ಆದರೆ ದುಡ್ಡು ಕಟ್ಟುವ ಮೊದಲು ತಚುಂಗ್ಸೆಯಲ್ಲಿ ರಾತ್ರಿ ಉಳಿಯುತ್ತೀರಾ, ಹುಷಾರು ತಪ್ಪಿದವರ ಜೊತೆ ಕೆಳಗಿಳಿಯೋಕೆ ಇನ್ನೊಬ್ಬ ಗೈಡ್ ಇರುತ್ತಾರಾ ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆ ಕಂಪನಿ ನೋಡಿ. ರಜೆ ಒಂದೆರಡು ದಿನ ಹಿಗ್ಗುವಂತಿದ್ದರೆ ನನ್ನ ಆಯ್ಕೆ ಲಡಾಖಿ ಗೈಡ್, ಊರವರ ಮನೆ.